ಒಂದೇ ತುದಿಗೆ ಸೇರಿದ ಚಾರ್ಜುಗಳು

ನಾನು ಪಿಎಚ್‌ಡಿಗೆ ಸೇರಿದ ಮುಂಬೈನ ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದವರು ಇಬ್ಬರೇ: ನಾನು, ಮತ್ತು ನನಗಿಂತ ನಾಲ್ಕು ವರ್ಷ ಸೀನಿಯರ್ ಆಗಿದ್ದ ಒಬ್ಬಾಕೆ. ವಿಜಯಪುರದ ಕಡೆಯವಳು, ಭಾಂಡುಪ್‌ನಲ್ಲಿ ಅಣ್ಣನ ಮನೆಯಲ್ಲಿದ್ದಳು. ಆಂಟಾಪ್ ಹಿಲ್‌ನಲ್ಲಿ ಹುಟ್ಟಿ ಬೆಳೆದ ನನ್ನ ಹಿಂದಿ ಬೆರೆತ ಕನ್ನಡ ಕೇಳಿ ನಗುತ್ತಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಪಾಲಿಮರ್ ಎಂದರೆ ಸಣ್ಣ ಅಣುಗಳನ್ನು ಒಂದಕ್ಕೊಂದು ಪೋಣಿಸಿದ ಉದ್ದನೆಯ ಸರಪಳಿ. ಅದರ ಕೆಲವು ಕೊಂಡಿಗಳಲ್ಲಿ ವಿದ್ಯುತ್ ಚಾರ್ಜ್ ಇರುವಂತೆ ಮಾಡಬಹುದು. ಚಾರ್ಜುಗಳು ಎಲ್ಲೆಲ್ಲಿ ಕೂತಿವೆ ಎನ್ನುವುದರ ಮೇಲೆ ಸರಪಳಿ ನೀರಿನಲ್ಲಿ ಬಿಚ್ಚಿಕೊಳ್ಳುತ್ತದೋ ಮುದ್ದೆಯಾಗುತ್ತದೋ ತೀರ್ಮಾನವಾಗುತ್ತದೆ. ಅವುಗಳನ್ನು ಸಮ ಅಂತರದಲ್ಲಿ ಕೂರಿಸುವ ದಾರಿ ಅಕ್ಕನಿಗೆ ಸಿಕ್ಕಿತ್ತು. ಅದರ ಮೇಲೆಯೇ ಬರೆಯುತ್ತಿದ್ದ ಥೀಸಿಸ್ ಮುಗಿಯುತ್ತಾ ಬಂದಿತ್ತು.

ನನಗೆ ಕೊಟ್ಟ ಮೊದಲ ಕೆಲಸ ಅವಳ ಪ್ರಯೋಗವನ್ನೇ ಮತ್ತೆ ಮಾಡಿ ಕಲಿಯುವುದು. ಅವಳು ಎಲ್ಲ ಮುಗಿದ ಮೇಲೆ ಒಮ್ಮೆ, ಒಟ್ಟು ಎಷ್ಟು ಚಾರ್ಜ್ ಸೇರಿದೆ ಎಂದಷ್ಟೇ ಪರೀಕ್ಷಿಸುತ್ತಿದ್ದಳು. ನಾನು, ಹೊಸಬಳೆಂಬ ಭಯಕ್ಕೆ, ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಹನಿ ತೆಗೆದು ನೋಡಿದೆ. ಅರ್ಧ ಗಂಟೆಯೊಳಗೆ ದ್ರಾವಣದಲ್ಲಿದ್ದ ಚಾರ್ಜಿನ ಅಣುಗಳೆಲ್ಲ ಖಾಲಿ. ಅವು ಬೇಗ ಬೇಗ ಸೇರಿಕೊಂಡು ಸರಪಳಿಯ ಒಂದೇ ತುದಿಯಲ್ಲಿ ಗುಂಪುಗಟ್ಟಿದ್ದವು. ಒಟ್ಟು ಎಣಿಕೆ ಸರಿಯಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಮೂರು ಸಲ ಮಾಡಿದೆ. ಮೂರು ಸಲವೂ ಹಾಗೇ.

ಆ ವಾರ ಅಕ್ಕ ರಜೆಯಲ್ಲಿದ್ದಳು. ನಾನು ಗ್ರಾಫುಗಳನ್ನು ಹಿಡಿದು ನೇರ ಗೈಡ್ ಕೋಣೆಗೆ ಹೋದೆ. ಸರ್ ಬಹಳ ಹೊತ್ತು ನೋಡಿ "ಶಾಬಾಶ್" ಎಂದರು. ಆ ಒಂದು ಮಾತಿಗಾಗಿಯೇ ಹೋಗಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸೋಮವಾರದ ಮೀಟಿಂಗಿನಲ್ಲಿ ಎಲ್ಲರೆದುರು ಪರದೆಯ ಮೇಲೆ ನನ್ನ ಗ್ರಾಫ್ ಬಂತು. ರಜೆ ಮುಗಿಸಿ ಬಂದಿದ್ದ ಅಕ್ಕನೂ ಅಲ್ಲಿದ್ದಳು. ಆಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದಳು.

"ತಪ್ಪ ಆಗಿದ್ದು ಖರೇ. ಆದ್ರ ಮೊದ್ಲ ನನಗ್ಯಾಕ ಹೇಳ್ಲಿಲ್ಲ ನೀ?"

"ನೀವು ಛುಟ್ಟಿಯಲ್ಲಿದ್ರಲ್ಲ, ಅಕ್ಕ..."

"ಫೋನ್ ಇತ್ತಲ್ಲ ನನ್ನ ಕಡೆ."



ಥೀಸಿಸ್ ನಿಂತಿತು. ಹೊಸದಾಗಿ ಶುರುಮಾಡಲು ಅವಳ ಫೆಲೋಶಿಪ್‌ನ ಅವಧಿ ಉಳಿದಿರಲಿಲ್ಲ. ಕುರ್ಲಾದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳಲು ಸೇರಿದಳು. ನಾನು ಅವಳ ಕೆಲಸವನ್ನೇ ಮುಂದುವರಿಸಿದೆ. ಚಾರ್ಜಿನ ಅಣುಗಳನ್ನು ಒಮ್ಮೆಲೇ ಸುರಿಯದೆ, ಗಂಟೆಗಟ್ಟಲೆ ಹನಿಹನಿಯಾಗಿ ಬಿಟ್ಟು, ಎರಡು ವರ್ಷಕ್ಕೆ ಸರಪಳಿಯುದ್ದಕ್ಕೂ ಹರಡಿ ಕೂರಿಸಿದೆ. ಪೇಪರಿನಲ್ಲಿ ಅವಳ ಹೆಸರೂ ಇರಲಿ ಎಂದೆ. "ಕೊನೆಯಲ್ಲಿ ಕೃತಜ್ಞತೆ ಹೇಳಿದರೆ ಸಾಕು" ಎಂದರು ಸರ್. ನಾನು ವಾದಿಸಲಿಲ್ಲ.

ಅಚ್ಚಾದ ದಿನ ಅವಳಿಗೆ ಕಳಿಸಿದೆ. ಸಂಜೆ ಉತ್ತರ ಬಂತು: "ಓದಿದೆ. ಈಗ ಸರಿ ಅದ." ಆಮೇಲೆ ಅವಳು ನನ್ನ ಫೋನ್ ಎತ್ತಿಲ್ಲ.