ಕಂಬಳಿಯೊಳಗಿನ ಮಾಯವ್ವ

ಮಾಯವ್ವ ಎಂದರೆ ನನಗೆ ಮೊದಲು ನೆನಪಾಗುವುದು ಎರಡು ಪಾದ. ಮೇಲೆಲ್ಲ ಕರಿ ಕಂಬಳಿ. ಉದಗೀರದ ನಮ್ಮ ಪ್ರಯೋಗಾಲಯದಲ್ಲಿ ಕತ್ತಲೆ ಕೋಣೆ ಇರಲಿಲ್ಲ. ಗುಂಜೋಟಿಯ ಕುರಿ ಸಾಕುವ ಮನೆಯ ಈ ಹುಡುಗಿ ಅಪ್ಪನ ಕಂಬಳಿಯನ್ನು ಮೇಜಿಗೆ ಹೊದಿಸಿ, ತಾನೂ ಒಳಗೆ ನುಗ್ಗಿ, ಸಣ್ಣ ಕೆಂಪು ದೀಪದಲ್ಲಿ ಕೆಲಸ ಮಾಡುತ್ತಿದ್ದಳು. ಆ ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ಮೊದಲ ದಿನವೇ ಉರಿದುಕೊಂಡೆ.

ಇಬ್ಬರದೂ ಒಂದೇ ಸಂಶೋಧನೆ. ಕುರಿಯ ಪಿತ್ತಜನಕಾಂಗದ ಒಂದು ಎಂಜೈಮಿನಲ್ಲಿ ಕೆಲಸ ನಡೆಯುವ ಗುಳಿ ಎಲ್ಲಿದೆ ಎಂದು ಹುಡುಕಬೇಕಿತ್ತು. ಅದಕ್ಕೊಂದು ರಾಸಾಯನಿಕ. ಯಾರಾದರೂ ಕೇಳಿದರೆ ಮಾಯವ್ವ ಹೇಳುತ್ತಿದ್ದಳು: "ಕತ್ತಲದಾಗ ಗುಳಿಯೊಳಗ ಬಂದು ಸುಮ್ನ ಕೂಡ್ತದ್ರೀ. ಬೆಳಕು ಬಿತ್ತಂದ್ರ ಕುಂತಲ್ಲೇ ಅಂಟ್ಕೋತದ. ಆಮ್ಯಾಲ ಎಂಜೈಮ್ ತುಂಡು ಮಾಡಿ, ಯಾವ ತುಂಡಿಗೆ ಅಂಟ್ಯದ ನೋಡೋದು. ಅಷ್ಟೇ." ಅದನ್ನೇ ನಾನು ವಿವರಿಸಿದರೆ ಜನ ಆಕಳಿಸುತ್ತಿದ್ದರು.

ಇನ್ನೊಂದು ನಾಚಿಕೆಯ ಮಾತು. ನಾನು ಉಮರ್ಗಾದ ಬಟ್ಟೆ ವ್ಯಾಪಾರಿಯ ಮಗಳು, ಕೊರಳಲ್ಲಿ ಲಿಂಗ ಇದ್ದವಳು. ಮಾಂಸ ಮುಟ್ಟುವುದುಂಟೆ? ಮಾಯವ್ವನೇ ಕುರಿಯ ಪಿತ್ತಜನಕಾಂಗವನ್ನು ಮಾಂಸದಂಗಡಿಯಿಂದ ತಂದು, ಅರೆದು, ಸೋಸಿ, ಅರ್ಧ ನನಗೆ ಕೊಡುತ್ತಿದ್ದಳು.

"ನೀ ಮೂಗು ಮುಚ್ಕೊಂಡು ಹೊರಗ ನಿಂದ್ರು, ನೀಲಾ. ಸೋಸೋದು ಮುಗದ ಮ್ಯಾಲ ಕರೀತೀನಿ."

ಅವಳ ಕೈಯ ಎಂಜೈಮ್ ಇಲ್ಲದೆ ನನಗೆ ಕೆಲಸವೇ ಇರಲಿಲ್ಲ. ಅದಕ್ಕಾಗಿಯೇ ಅವಳನ್ನು ಸಹಿಸಲಾಗುತ್ತಿರಲಿಲ್ಲ.

ಬರಗಾಲದ ಎರಡನೆಯ ಬೇಸಿಗೆಯಲ್ಲಿ ನಮ್ಮ ಸರ್, ಯಾರ ಫಲಿತಾಂಶ ಗಟ್ಟಿಯೋ ಅವರೊಬ್ಬರನ್ನೇ ಮುಂದಿನ ಸಂಶೋಧನೆಗೆ ಪುಣೆಗೆ ಕಳಿಸುವೆನೆಂದರು. ನಾನು ಬೆಳಕು ಹಾಯಿಸಿದೆ. ಎಂಜೈಮ್ ಕೆಲಸ ನಿಲ್ಲಿಸಿತು. ಗುಳಿಯಲ್ಲೇ ಅಂಟಿದೆ, ಗೆದ್ದೆ ಎಂದು ಕುಣಿದೆ. ಸರ್ ಎದುರಿಗೇ ಮಾಯವ್ವ ಕೇಳಿದಳು: "ಮೊದಲ ಎಂಜೈಮಿಗೆ ಅದರ ಖರೇ ಊಟ, ಅದು ದಿನಾ ಅರಗಿಸೋ ವಸ್ತು, ಕೊಟ್ಟು ನೋಡಿದೇನ? ಗುಳಿಯೊಳಗ ಊಟ ಕುಂತಿದ್ರ ನಮ್ಮ ರಾಸಾಯನಿಕಕ್ಕ ಜಾಗ ಸಿಗಬಾರದು, ಎಂಜೈಮ್ ಉಳೀಬೇಕು. ಉಳೀಲಿಲ್ಲಂದ್ರ ರಾಸಾಯನಿಕ ಎಲ್ಲೋ ಹೊರಗ ಅಂಟ್ಯದ." ಸರ್ ತಲೆದೂಗಿದರು. ನನ್ನ ಮೈಯೆಲ್ಲ ಉರಿಯಿತು.

ಮರುದಿನ ಮಧ್ಯಾಹ್ನ ನೀರಿನ ಟ್ಯಾಂಕರ್ ಬಂತು. ಅವಳು ಕೊಡ ಹಿಡಿದು ಓಡಿದಳು, ನನ್ನ ಕೊಡವನ್ನೂ ಒಯ್ದಳು. ನಾನು ಕಂಬಳಿ ಸರಿಸಿದೆ. ಕಿಟಕಿಯ ಬಿಸಿಲು ಅವಳ ನಳಿಗೆಗಳ ಮೇಲೆ, ಅವಳ ಪಾಲಿನ ರಾಸಾಯನಿಕದ ಶೀಶೆಯ ಮೇಲೆ ಬಿತ್ತು. ಟ್ಯಾಂಕರ್ ಹೊರಟ ಸದ್ದು ಕೇಳಿದ ಮೇಲೆ ಮತ್ತೆ ಹೊದಿಸಿದೆ.

ಅವಳದೆಲ್ಲ ಕೆಟ್ಟುಹೋಯಿತು; ಮತ್ತೆ ಮಾಡಲು ಅವಳ ಪಾಲಿನ ರಾಸಾಯನಿಕವೂ ಉಳಿಯಲಿಲ್ಲ. "ನಂದೇ ತಪ್ಪು ಸರ್, ಬರಾಬರ್ ಮುಚ್ಚಿರಲಿಲ್ಲ" ಎಂದಳು ಅವಳು. ನಾನು ಅವಳು ಹೇಳಿದ ಪರೀಕ್ಷೆಯನ್ನೇ ಮಾಡಿದೆ, ಅವಳೇ ಅರೆದುಕೊಟ್ಟ ಎಂಜೈಮಿನಲ್ಲಿ. ಫಲಿತಾಂಶ ಗಟ್ಟಿಯಾಯಿತು. ಪುಣೆಗೆ ನಾನು ಹೋದೆ. ಅವಳು ಜಳಕೋಟದಲ್ಲಿ ಶಾಲೆಯ ಶಿಕ್ಷಕಿಯಾದಳು.

ಎಷ್ಟೋ ವರ್ಷಗಳ ಮೇಲೆ ಉಮರ್ಗಾ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಂಬಳಿ ಸರಿಸಿದ್ದು ನಾನೇ ಎಂದು ತಡೆಯಲಾಗದೆ ಹೇಳಿಬಿಟ್ಟೆ.

"ಗೊತ್ತಿತ್ತಲ್ಲ," ಎಂದಳು. "ಸರ್‌ಗೆ ಹೇಳಿದ್ರ ನಿನ್ನ ಹೊರಗ ಹಾಕ್ತಿದ್ರು. ಒಂದು ಕೆಲಸ ಹಾಳಾಗಿತ್ತು. ಎರಡೂ ಯಾಕ ಹಾಳ ಮಾಡೋದು?"

ನನ್ನ ಕಣ್ಣು ತುಂಬಿದ್ದು ನೋಡಿ ಗದರಿದಳು. "ಮಾಫಿ ಮಾಡೀನಿ ಅಂತ ತಿಳ್ಕೋಬ್ಯಾಡ ಮತ್ತ. ಸಿಟ್ಟು ಇನ್ನೂ ಅದ."

ಬಸ್ ಬಂತು, ಹತ್ತಿ ಹೋದಳು. ಹೋದ ವರ್ಷ ತೀರಿಕೊಂಡಳೆಂದು ಸುದ್ದಿ ಬಂದಾಗ ಅತ್ತೆ. ಆದರೂ ನಿಜ ಹೇಳುತ್ತೇನೆ: ಅವಳ ಜಾಗದಲ್ಲಿ ನಾನಿದ್ದರೆ ಅವತ್ತೇ ಸರ್ ಬಳಿ ಓಡುತ್ತಿದ್ದೆ. ಅದಕ್ಕೇ ಇವತ್ತಿಗೂ ಮಾಯವ್ವ ಎಂದರೆ ನನಗೆ ಹೊಟ್ಟೆಕಿಚ್ಚು.