ಕೋಳಿಗೆ ಬೈದ ಮಾತು ಕಾರ್ಕಳಕ್ಕೆ ಹೋದದ್ದು

ನನ್ನ ಮೊಮ್ಮಗಳು ಮೂರು ವರ್ಷ ತುಂಬುವವರೆಗೆ ಒಂದು ಮಾತೂ ಆಡಿರಲಿಲ್ಲ. ಕಿವಿ ಸರಿ ಉಂಟು, ಕಾಯಿರಿ ಎಂದಿದ್ದರು ಮಣಿಪಾಲದ ಡಾಕ್ಟರು. ಒಂದು ಬೆಳಿಗ್ಗೆ ಕಾಪುವಿನ ನಮ್ಮ ಜಗಲಿಯಲ್ಲಿ ನಾನು ಮಲ್ಲಿಗೆ ಕಟ್ಟುತ್ತಿದ್ದೆ. ಕೋಳಿಯೊಂದು ಬಂದು ಹೂವಿನ ಮೇಲೆಯೇ ಕಾಲಿಟ್ಟಿತು. ಮಗು ಸೊಂಟಕ್ಕೆ ಕೈಕೊಟ್ಟು ನಿಂತು, "ಹೋಗು ಮಾರಾಯ್ತಿ, ನಿನಗೆ ಬೇರೆ ಕೆಲಸ ಇಲ್ವಾ?" ಎಂದಳು.

ಅಮ್ಮ ಅಲ್ಲ, ಅಪ್ಪ ಅಲ್ಲ, ಮೊದಲ ಮಾತೇ ನಾನು ದಿನಾ ಬೈಯುವ ಬೈಗುಳ! ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಆ ಕೋಳಿಗೆ ಒಂದು ಮುಷ್ಟಿ ಅಕ್ಕಿ ಹಾಕಿದೆ.

ಮಗುವಿನ ಅಪ್ಪ, ನನ್ನ ಅಳಿಯ, ದುಬೈಯಿಂದ ಕಳಿಸಿದ ಮೊಬೈಲು ಪಕ್ಕದಲ್ಲಿತ್ತು. ನಾನು ಯಾವಾಗಲೂ ಅದರ ತಪ್ಪು ಗುಂಡಿ ಒತ್ತುವವಳು. ಆವತ್ತೂ ಒತ್ತಿದ್ದೆ. ಅರ್ಧ ಗಂಟೆಯ ನನ್ನ ಕೆಮ್ಮು, ಅದರ ನಡುವೆ ಆ ಮಾತು, ಎಲ್ಲ ರೆಕಾರ್ಡ್ ಆಗಿ ಒಳಗೆ ಕೂತಿತ್ತು. ಅಳಿಯ ಊರಿಗೆ ಬಂದಾಗ ಎದುರು ಕೂರಿಸಿ ಕೇಳಿಸಬೇಕೆಂದು ಕಾದೆ. ಮಗು ಆಮೇಲೆ ಏನೇನೋ ಮಾತಾಡಿದಳು, ಇದೊಂದನ್ನು ಮಾತ್ರ ಎಷ್ಟು ಬೇಡಿದರೂ ಹೇಳಲಿಲ್ಲ.

ಅಷ್ಟರಲ್ಲಿ ಮೊಬೈಲು ದಿನಕ್ಕೆ ನಾಲ್ಕು ಸಲ ಸಾಯತೊಡಗಿತು. ಇದ್ದದ್ದನ್ನೆಲ್ಲ ಬೇಗ ಕಂಪ್ಯೂಟರಿಗೆ ಹಾಕಿಸಿಡಿ ಎಂದರು ಉಡುಪಿಯ ಅಂಗಡಿಯವರು. ಒಂದೇ ಕಂಪ್ಯೂಟರು ಸಾಲದು ಎಂದು ನನಗೆ ಗೊತ್ತಿತ್ತು. ಒಳ್ಳೆಯ ಮಲ್ಲಿಗೆ ಗಿಡ ಇದ್ದರೆ ನಾವು ಗೆಲ್ಲು ಕಡಿದು ಎರಡು ಮನೆಗೆ ನೆಡಲು ಕೊಡುತ್ತೇವೆ. ನಮ್ಮದು ಸತ್ತರೆ ಅವರಲ್ಲಿಂದ ತರಬಹುದು. ಹಾಗಾಗಿ ಮೊದಲು ಪಕ್ಕದ ಮನೆಯ ಮಾಷ್ಟ್ರ ಕಂಪ್ಯೂಟರಿಗೆ ಹಾಕಿಸಿದೆ. ಮತ್ತೆ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ, ನನ್ನ ತಮ್ಮ ಗುಮಾಸ್ತನಾಗಿದ್ದ ರೈಸ್‌ಮಿಲ್ಲಿನ ಕಂಪ್ಯೂಟರಿಗೆ. ಅಕ್ಕಿಯ ಲೆಕ್ಕದ ಕಂಪ್ಯೂಟರಿನಲ್ಲಿ ಕೋಳಿ ಎಂತಕ್ಕೆ ಎಂದು ಧಣಿಗಳು ಕೇಳಿದರಂತೆ. ನಾನು ಎರಡು ಕಂಪ್ಯೂಟರುಗಳಿಗೂ ಒಂದೊಂದು ಮೊಳ ಮಲ್ಲಿಗೆ ಮುಡಿಸಿ ಬಂದೆ.

ಅಳಿಯ ಬರುವ ವಾರವೇ ಮೊಬೈಲು ಹೂ ಕಟ್ಟುವ ಬಾಳೆನಾರು ನೆನೆಹಾಕಿದ ಬಾಲ್ದಿ ನೀರಿಗೆ ಬಿದ್ದು ಪೂರಾ ಸತ್ತಿತು. ಮಾಷ್ಟ್ರ ಕಂಪ್ಯೂಟರಿಗೆ ಓಡಿದರೆ, ಅದು ಹಿಂದಿನ ದಿನದ ಸಿಡಿಲಿಗೆ ಸುಟ್ಟುಹೋಗಿತ್ತು. ಉಳಿದದ್ದು ಕಾರ್ಕಳದ ಗೆಲ್ಲು ಒಂದೇ.

ಅಳಿಯ ಮನೆಗೆ ಬಂದು ಕಾಫಿ ಕುಡಿದನೋ ಇಲ್ಲವೋ, ಅವನನ್ನೂ ಮಗುವನ್ನೂ ಬಸ್ಸು ಹತ್ತಿಸಿದೆ. ತಮ್ಮ ಧಣಿಗಳಿಗೆ ಹೇಳಿ ಮಿಲ್ಲು ನಿಲ್ಲಿಸಿದ. ಹತ್ತು ಹನ್ನೆರಡು ಕೆಲಸದವರು ಮೈಮೇಲಿನ ತೌಡು ಕೊಡವಿಕೊಂಡು ಬಂದು ನಿಂತರು. ಮೊದಲು ನನ್ನ ಕೆಮ್ಮು. ತುಂಬ ಹೊತ್ತು ಬರೀ ಕೆಮ್ಮು.

"ಅತ್ತೆ, ನಿಮಗೆ ಔಷಧಿ ಬೇಕು," ಎಂದ ಅಳಿಯ.

"ಸುಮ್ಮನಿರು ಮಾರಾಯ, ಈಗ ಬರ್ತದೆ," ಎಂದೆ.

ಬಂತು. ಅಳಿಯ ಅಕ್ಕಿಮೂಟೆಯ ಮೇಲೆ ಕೂತ. ಇನ್ನೊಮ್ಮೆ ಹಾಕಿ ಎಂದು ಕೈಸನ್ನೆ ಮಾಡಿದ.

ಮಗು ಮಾತ್ರ ಕಂಪ್ಯೂಟರಿನ ಹಿಂದೆ, ಮೇಜಿನ ಅಡಿಯಲ್ಲಿ ಕೋಳಿ ಹುಡುಕಿದಳು. ಸಿಗಲಿಲ್ಲ. ಹೊರಗೆ ಹೋದಳು. ಅಂಗಳದಲ್ಲಿ ಒಣಹಾಕಿದ ಭತ್ತಕ್ಕೆ ಮಿಲ್ಲಿನ ಕೋಳಿಗಳೆಲ್ಲ ಮುತ್ತಿದ್ದವು. ಅವಳು ಸೊಂಟಕ್ಕೆ ಕೈಕೊಟ್ಟಳು.

ಅಳಿಯ ಬರಿಗಾಲಲ್ಲೇ ಅಂಗಳಕ್ಕೆ ಓಡಿದ.