ಪ್ಲೇಟಕ್ಕ ಕಲಸಿಟ್ಟ ಮೂವತ್ತೊಂದು ಹೆಸರುಗಳು

ಬೆಳಗಿನ ಆರು ಗಂಟೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪ್ಲೇಟಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಳೆಯ ಗ್ರಾಮಫೋನ್ ಪ್ಲೇಟೊಂದನ್ನು ಮಡಿಲಲ್ಲಿಟ್ಟುಕೊಂಡು ಕೂಸಿನ ಮೈ ಒರೆಸಿದಂತೆ ಒರೆಸುತ್ತಿದ್ದಾರೆ. ಹಾಡಿದವರ ಹೆಸರಿರುವ ನಡುವಿನ ಲೇಬಲ್ಲಿಗೆ ಮಾತ್ರ ಬಟ್ಟೆ ತಾಗಿಸುವುದಿಲ್ಲ. "ಅದ್ರಲ್ಲಿ ಒಂದ್ಸಲ ಕೈ ಸುಟ್ಕೊಂಡಿದೀನಿ" ಎಂದು ನಗುತ್ತಾರೆ.

ಎಂದೋ ಬಾಗಿಲು ಹಾಕಿದ ರೆಕಾರ್ಡ್ ಕಂಪನಿಯೊಂದರ ಆಸ್ತಿಯೆಲ್ಲ ಇಲ್ಲಿದೆ. ಹನ್ನೊಂದು ಸಾವಿರ ಪ್ಲೇಟು, ನಾನೂರು ಕಟ್ಟು ಕಾಗದ. ದಿನಕ್ಕೆ ನಲವತ್ತು ಪ್ಲೇಟು ಒರೆಸಿ, ಲಕೋಟೆಗೆ ಹಾಕಿ, ಪಟ್ಟಿ ಬರೆಯುವುದು, ಎಲ್ಲ ಮುಗಿದರೆ ಧೂಳು ಕೂತಿತೆಂದು ಮತ್ತೆ ಮೊದಲಿನಿಂದ ಒರೆಸುವುದು ಪ್ಲೇಟಕ್ಕನ ಕೆಲಸ; ಆ ಹೆಸರು ಬಂದದ್ದೂ ಅದರಿಂದಲೇ.

ಇಪ್ಪತ್ತೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಎರಡನೇ ವಾರ, ಜಾಣತನ ಉಕ್ಕಿಬಂದು ಮೂವತ್ತೊಂದು ಪ್ಲೇಟುಗಳನ್ನು ಸೋಪಿನ ನೀರಲ್ಲಿ ನೆನೆಹಾಕಿದರು. ಲೇಬಲ್ಲುಗಳೆಲ್ಲ ಮೇಲೆ ತೇಲಿಬಂದವು. "ಜೀವ ಬಾಯಿಗೆ ಬಂತು. ಕೆಲಸ ಹೋಗುತ್ತೆ ಅಂತ ಒಣಗಿಸಿ, ತೋಚಿದ ಹಾಗೆ ಅಂಟಿಸ್ಬಿಟ್ಟೆ." ಲೇಬಲ್ಲಿನಲ್ಲಿದ್ದದ್ದು ಹಾಡಿದವರ ಹೆಸರಷ್ಟೇ; ಪ್ಲೇಟಿನ ಮೇಲೆ ಕೊರೆದ ನಂಬರು ಯಾರದೆಂದು ಹೇಳುವ ರಿಜಿಸ್ಟರು ಅಷ್ಟರಲ್ಲಾಗಲೇ ಗೆದ್ದಲಿನ ಹೊಟ್ಟೆ ಸೇರಿತ್ತು.

ಆರು ವರ್ಷ ಯಾರಿಗೂ ಸುಳಿವಿಲ್ಲ. ಆಮೇಲೊಂದು ದಿನ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಬಂದರು. ಅವರು ವರ್ಷದ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರು. ತಾಯಿ ಹಾಡಿದ್ದ ಒಂದೇ ಒಂದು ಪ್ಲೇಟು ಇಲ್ಲಿದೆಯೆಂದು ತಿಳಿದು ಕೇಳಲು ಬಂದಿದ್ದರು. ಮುಳ್ಳು ಇಟ್ಟರೆ ಗಡಸು ಗಂಡುದನಿ! ಆಕೆ ಮೊದಲು ನಕ್ಕರು, ಆಮೇಲೆ ಅತ್ತರು. ಅಂದೇ ಸಂಜೆ ಪ್ಲೇಟಕ್ಕ ಗ್ರಂಥಪಾಲಕರ ಮುಂದೆ ತಪ್ಪೊಪ್ಪಿಕೊಂಡರು. ಅವರು ಬೈಯಲಿಲ್ಲ. "ಕಲಸಿದವಳು ನೀನು, ಬಿಡಿಸೋಳೂ ನೀನೇ" ಎಂದರಷ್ಟೆ.

ಅಂದಿನಿಂದ ಭಾನುವಾರಗಳು ಅದಕ್ಕೇ ಮೀಸಲು. ಹಾಡುಗಳನ್ನು ಫೋನಿಗೆ ತುಂಬಿಕೊಂಡು ಹಳೆಯ ಕಲಾವಿದರ ಮನೆಮನೆ ಅಲೆದು, "ಇದ್ಯಾರ ದನಿ?" ಎಂದು ಪೀಡಿಸಿ, ಇಪ್ಪತ್ತೊಂಬತ್ತು ಲೇಬಲ್ಲುಗಳನ್ನು ಸರಿಪಡಿಸಿದ್ದಾರೆ. ಉಳಿದಿರುವುದು ಎರಡು. ಎರಡೂ ಹೆಣ್ಣುದನಿ, ಒಂದು ಆ ತಾಯಿಯದು; ಒಂದು ಯಾರದೆಂದು ಗೊತ್ತಾದರೆ ಇನ್ನೊಂದೂ ಗೊತ್ತಾದಂತೆ. ಹೊಲಿಗೆಯಾಕೆ ಈಗಲೂ ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ. "ಅವರ ನಂಬರ್ ಕಂಡ್ರೆ, 'ಇನ್ನೂ ಇಲ್ಲ ಅಕ್ಕ' ಅಂತಲೇ ಫೋನ್ ಎತ್ಕೋತೀನಿ" ಎನ್ನುತ್ತಾರೆ ಪ್ಲೇಟಕ್ಕ.

ಒಂಬತ್ತಕ್ಕೆ ಮೊಮ್ಮಗಳ ಕೈಹಿಡಿದು ತೊಂಬತ್ತರ ತಾತ ಬರುತ್ತಾರೆ. ಕಂಪನಿಯಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಪ್ಲೇಟಕ್ಕನಿಗೆ ಅವರ ವಿಳಾಸ ಸಿಕ್ಕಿದ್ದು ಹೋದ ವಾರವಷ್ಟೇ. ಮೊದಲ ಪ್ಲೇಟಿಗೆ ತಲೆಯಾಡಿಸುತ್ತಾರೆ, ಗೊತ್ತಿಲ್ಲ. ಎರಡನೆಯದರ ನಡುವೆ ಕ್ಲಾರಿನೆಟ್ಟು ಕೀಂಯ್ ಎನ್ನುತ್ತಲೇ ತಾತ ಕುರ್ಚಿಯಿಂದ ಎದ್ದೇಬಿಡುತ್ತಾರೆ.

"ಆ ಅಪಸ್ವರ ನಂದೇ! ಆಯಮ್ಮ ನನ್ನ ನುಂಗೋ ಹಾಗೆ ನೋಡಿದ್ರು!"

"ಯಾರು ತಾತ?"

ತಾತ ಹೆಸರು ಹೇಳುತ್ತಾರೆ. ಹೊಲಿಗೆಯಾಕೆಯ ತಾಯಿಯದೇ. "ಎಪ್ಪತ್ತು ವರ್ಷದಿಂದ ಅದಕ್ಕೆ ನಾಚ್ಕೋತಾ ಇದೀನಿ ಕಣಮ್ಮ!"

ಪ್ಲೇಟಕ್ಕ ಕೂಡಲೇ ಫೋನು ಒತ್ತುತ್ತಾರೆ. "ಅಕ್ಕ, ನಿಮ್ಮಮ್ಮ ಸಿಕ್ಕಿದ್ರು. ಬನ್ನಿ."

ಅರ್ಧ ಗಂಟೆಯಲ್ಲಿ ಆಕೆ ಹಾಜರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇದೆ. ಮೂರು ಸಲ ಕೇಳುತ್ತಾರೆ. ಅಪಸ್ವರ ಬಂದಾಗಲೆಲ್ಲ ಕಣ್ಣೀರಿನಲ್ಲೇ ನಗುತ್ತಾರೆ, ತಾತನೂ ನಗುತ್ತಾರೆ. ಪ್ಲೇಟಕ್ಕ ಕೊನೆಯ ಎರಡು ಲೇಬಲ್ಲುಗಳಿಗೆ ಅಂಟು ಸವರಿ, ಅವುಗಳ ಜಾಗದಲ್ಲಿ ಕೂರಿಸಿ, ಅಂಗೈಯಿಂದ ಒತ್ತಿ ಹಿಡಿಯುತ್ತಾರೆ.

"ಧೂಳು ಹೊಡೆಯೋದೂ ಒಂದು ಕೆಲಸಾನಾ ಅಂತ ನಮ್ಮನೆಯವ್ರು ರೇಗಿಸ್ತಿರ್ತಾರೆ" ಎನ್ನುತ್ತಾರೆ, ಕೈ ತೆಗೆಯದೆಯೇ. "ಇವತ್ತು ಮನೆಗೆ ಹೋಗಿ ಹೇಳ್ತೀನಿ, ಒಬ್ಬರಿಗೆ ಅವರಮ್ಮನ್ನ ಹುಡುಕ್ಕೊಟ್ಟು ಬಂದೆ ಅಂತ."